ಯಾರ ಕಟ್ಟೆ, ಯಾರ ಮೀನು

ಕಡಲ ದಂಡೆಯ ಕಸ ಹೆಕ್ಕಬೇಕು, ಜೂನ್ 5ರಂದು ಸಸಿ ನೆಡಬೇಕು, ಊರ ಕೆರೆಯ ಹೂಳು ತೆಗೆಯಬೇಕು ಎಂದಾಗಲೆಲ್ಲ ನಮ್ಮ ನಾಡಿನಲ್ಲಿ ಯುವಕ ಮಂಡಳಗಳ ನೆನಪಾಗುತ್ತದೆ. ಗುಡ್ಡ ಅಗೆಯಬಹುದೇ, ಗದ್ದೆಯನ್ನು ನಿವೇಶನ ಮಾಡಬಹುದೇ, ಕಾಡಿನ ನಡುವೆ ಇನ್ನೊಂದು ರೈಲು ಹಳಿ ಹಾಸಬಹುದೇ ಎಂಬ ಪ್ರಶ್ನೆ ಎದ್ದಾಗ ಆ ನೆನಪು ಮಾಯವಾಗುತ್ತದೆ. ಸಂಸ್ಥೆಗಳಿಗೇನೂ ಕೊರತೆಯಿಲ್ಲ. ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ ಹುಟ್ಟಿತು, ನೆಹರು ಯುವ ಕೇಂದ್ರಗಳು 1972ರಲ್ಲಿ, ಮೇರಾ ಯುವ ಭಾರತ್ 2023ರಲ್ಲಿ. 1992ರಲ್ಲಿ ರಿಯೊ ನಗರದಲ್ಲಿ ಸೇರಿದ ಭೂ ಶೃಂಗಸಭೆ ಒಪ್ಪಿದ ಕಾರ್ಯಸೂಚಿಯ 25ನೆಯ ಅಧ್ಯಾಯ ಪೂರ್ತಿಯಾಗಿ ಮಕ್ಕಳಿಗೂ ಯುವಜನರಿಗೂ ಮೀಸಲಾಗಿದೆ; ನಿರ್ಧಾರ ಕೈಗೊಳ್ಳುವ ಕಡೆ ಅವರಿಗೆ ಜಾಗವಿರಬೇಕೆಂದು ಅದು ಅಂದೇ ಹೇಳಿತ್ತು. ಆದರೂ ನಮ್ಮ ಊರುಗಳಲ್ಲಿ ಯುವ ಸಂಘಟನೆ ಅಂದರೆ ಇವತ್ತಿಗೂ ಹಾರೆ, ಬುಟ್ಟಿ, ಬ್ಯಾನರು. ಯುವಕರನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಆಡಳಿತದ ಪ್ರಶ್ನೆಯೆಂದು ನಾವು ತಿಳಿದುಕೊಂಡಿದ್ದೇವೆ. ನನಗೆ ಅದು ಮೊದಲು ಧರ್ಮದ ಪ್ರಶ್ನೆಯಾಗಿ ಕಾಣುತ್ತದೆ. ಒಬ್ಬರ ಹೆಗಲಿಗೆ ಊರಿನ ನಾಳೆಯ ಹೊಣೆ ಹೊರಿಸುವ ಮುಂಚೆ, ಆ ಹೊಣೆಯ ಫಲದಲ್ಲೂ ಅದರ ನಿರ್ಧಾರದಲ್ಲೂ ಅವರಿಗೆ ಪಾಲು ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಪಾಲು ಕೊಡದೆ ಕರೆದರೆ ಅದು ಸೇವೆಯ ಹೆಸರಿನ ಬಿಟ್ಟಿ ಚಾಕರಿ. ಈ ಮಾತನ್ನು ಪರೀಕ್ಷಿಸಿ ನೋಡಲು ಗೋವಾದಷ್ಟು ತಕ್ಕ ನೆಲ ಇನ್ನೊಂದಿಲ್ಲ. ಅಲ್ಲಿ ಈ ಪ್ರಶ್ನೆಯನ್ನು ಉಪ್ಪುನೀರಿನ ಗದ್ದೆಗಳು ನೂರಾರು ವರ್ಷ ಕೇಳಿವೆ, ಉತ್ತರವನ್ನೂ ಕೊಟ್ಟಿವೆ.

ಜುವಾರಿ, ಮಾಂಡವಿ ನದಿಗಳ ಅಳಿವೆಗಳಲ್ಲಿ ಸಮುದ್ರದ ಭರತದ ನೀರನ್ನು ತಡೆದು ಮಾಡಿದ ತಗ್ಗು ಭೂಮಿಗೆ ಗೋವಾದವರು ಖಾಜಾನ್ ಎನ್ನುತ್ತಾರೆ. ಕುಮಟಾದ ಅಘನಾಶಿನಿ ಅಳಿವೆಯ ಗಜನಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ನಮ್ಮಲ್ಲಿ ಕಗ್ಗ ಭತ್ತ, ಅಲ್ಲಿ ಕೊರ್ಗುಟ್, ಎರಡೂ ಉಪ್ಪು ತಡೆದುಕೊಳ್ಳುವ ತಳಿಗಳೇ. ಗೋವಾದಲ್ಲಿ ಇಂಥ ಭೂಮಿ ಸುಮಾರು 18,000 ಹೆಕ್ಟೇರ್ ಇದೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಮಣ್ಣು, ಜಂಬಿಟ್ಟಿಗೆ ಕಲ್ಲುಗಳಿಂದ ಕಟ್ಟಿದ ಬಾಂದ್, ಅದರ ಹೊರಮೈಗೆ ಅಲೆಯ ಹೊಡೆತ ತಡೆಯುವ ಕಾಂಡ್ಲ, ನಡುವೆ ಮಾನಸ್ ಎಂದು ಕರೆಯುವ ತೂಬು. ಆ ತೂಬಿನ ಮರದ ಬಾಗಿಲು ಭರತದ ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಂಡು, ಇಳಿತದಲ್ಲಿ ತಾನೇ ತೆರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಒಳಗೆ ಭತ್ತ. ಉಳಿದ ಕಾಲದಲ್ಲಿ ತೂಬಿನ ಬಾಯಿಗೆ ಬಲೆ ಕಟ್ಟಿ ಹಿಡಿಯುವ ಮೀನು, ಸಿಗಡಿ. ಈ ಮೀನಿನ ಹಕ್ಕನ್ನು ಊರು ಹರಾಜು ಹಾಕುತ್ತಿತ್ತು, ಬಂದ ಹಣ ಬಾಂದಿನ ದುರಸ್ತಿಗೂ ಊರ ಖರ್ಚಿಗೂ ಹೋಗುತ್ತಿತ್ತು. ಇದನ್ನೆಲ್ಲ ನಡೆಸುತ್ತಿದ್ದದ್ದು ಊರಿನ ಮೂಲ ಮನೆತನಗಳ ಕೂಟವಾದ ಗಾಂವ್ಕಾರಿ, ಪೋರ್ಚುಗೀಸರ ಬಾಯಲ್ಲಿ ಕೊಮುನಿದಾದ್. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು 1526ರಲ್ಲಿ ಅಫೋನ್ಸೊ ಮೆಶಿಯಾನ ಸನದಿನಲ್ಲಿ ಈ ಗಾಂವ್ಕಾರರ ರೂಢಿಗಳನ್ನು ಬರೆದಿಟ್ಟರು. ತಾವು ಕಟ್ಟಿದ್ದಲ್ಲ, ತಾವು ಬರುವ ಮೊದಲೇ ಇದ್ದದ್ದು ಎಂದು ಅವರೇ ಒಪ್ಪಿಕೊಂಡ ಹಾಗಾಯಿತು. ಗಾಂವ್ಕಾರರ ಮನೆಯ ಹುಡುಗ ಊರೂರಿನ ರೂಢಿಯಂತೆ ಒಂದು ವಯಸ್ಸು ಮುಟ್ಟಿದಾಗ ಅವನ ಹೆಸರು ಪುಸ್ತಕಕ್ಕೆ ಏರುತ್ತಿತ್ತು, ಅಲ್ಲಿಂದ ಅವನಿಗೆ ಝೊಣ್ ಎಂಬ ವಾರ್ಷಿಕ ಪಾಲು ಸಲ್ಲುತ್ತಿತ್ತು. ಬಾಂದ್ ಒಡೆದರೆ ಓಡುವ ಕಾಲೂ ಪಾಲು ಪಡೆಯುವ ಕೈಯೂ ಒಂದೇ ಮೈಯವು. ಯುವಕರ ಪಾಲ್ಗೊಳ್ಳುವಿಕೆ ಎಂದು ನಾವು ಇಂದು ಯಾವುದಕ್ಕೆ ಹೇಳುತ್ತೇವೋ ಅದು ಅಲ್ಲಿ ಒಂದು ಲೆಕ್ಕದ ಪುಸ್ತಕದಲ್ಲಿತ್ತು.

ಆ ವ್ಯವಸ್ಥೆ ಹೇಗೆ ಮುರಿಯಿತು ಎಂಬುದು ಅದು ಹೇಗೆ ನಡೆಯುತ್ತಿತ್ತು ಎಂಬುದಕ್ಕಿಂತ ಹೆಚ್ಚು ಕಲಿಸುತ್ತದೆ. 1961ರಲ್ಲಿ ಗೋವಾ ವಿಮೋಚನೆಯಾಯಿತು. 1964ರ ಗೇಣಿ ಕಾಯ್ದೆ, ಆಮೇಲೆ 1970ರ ದಶಕದ ತಿದ್ದುಪಡಿ ಉಳುವವನ ಕೈಗೆ ಹೊಲ ಕೊಟ್ಟವು. ನ್ಯಾಯದ ಕೆಲಸವೇ ಅದು, ಅದರಲ್ಲಿ ನನಗೆ ಅನುಮಾನವಿಲ್ಲ. ಕೊಮುನಿದಾದ್‌ಗಳು ಬಡವಾದವು, ಬಾಂದಿನ ಉಸ್ತುವಾರಿ ಗೇಣಿದಾರರ ಸಂಘಗಳಿಗೆ ಬಂತು. ಈ ನಡುವೆ ಮೀನಿಗೆ, ಸಿಗಡಿಗೆ ಬೆಲೆ ಏರಿತು, ಭತ್ತಕ್ಕೆ ಏರಲಿಲ್ಲ. ತೂಬಿನ ಹರಾಜು ಹಿಡಿದವನಿಗೆ ಒಳಗೆ ಉಪ್ಪುನೀರು ನಿಂತಷ್ಟೂ ಲಾಭ. ಗದ್ದೆಯವನಿಗೆ ಅದೇ ನೀರು ನಷ್ಟ. ಅನೇಕ ಕಡೆ ಬಾಂದ್ ಬೇಕೆಂದೇ ಒಡೆದು ಗದ್ದೆಗಳನ್ನು ಮೀನಿನ ಹೊಂಡ ಮಾಡಿದರು. ಒಡೆದ ಬಾಂದನ್ನು ಕಟ್ಟಲು ಗದ್ದೆಯವರಿಗೆ ಉಮೇದು ಉಳಿಯಲಿಲ್ಲ, ಅವರ ಮಕ್ಕಳಿಗಂತೂ ಆ ಕೆಸರಿನಲ್ಲಿ ಕಾಲಿಡಲು ಕಾರಣವೇ ಇರಲಿಲ್ಲ. ಅಘನಾಶಿನಿಯ ಗಜನಿಗಳಲ್ಲೂ ಸಿಗಡಿ ಬಂದ ಮೇಲೆ ಕಗ್ಗದ ಬೆಳೆ ಹೀಗೆಯೇ ಹಿಂದೆ ಸರಿಯಿತು. ಇದರಲ್ಲಿ ಯಾರೂ ಸೋಮಾರಿಗಳಲ್ಲ. ಶ್ರಮ ಒಬ್ಬನದು, ಫಲ ಇನ್ನೊಬ್ಬನದು ಆದ ದಿನ ಬಾಂದ್ ಬಿತ್ತು, ಅಷ್ಟೇ. ಯುವಕರಲ್ಲಿ ಊರಿನ ಬಗ್ಗೆ ಕಾಳಜಿ ಕಡಿಮೆಯಾಗಿದೆ ಎಂದು ಕೊರಗುವವರು ಮೊದಲು ಈ ಒಡೆದ ಬಾಂದುಗಳ ಲೆಕ್ಕ ನೋಡಬೇಕು.

ಪೂರ್ವಮೀಮಾಂಸೆಯವರು ಶ್ರಮ ಮತ್ತು ಫಲದ ಈ ಸಂಬಂಧವನ್ನು ಬಹಳ ಹಿಂದೆಯೇ ಖಚಿತವಾಗಿ ವಿಚಾರ ಮಾಡಿದ್ದರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯ ಇಡಿಯಾಗಿ ಅಧಿಕಾರದ ಚರ್ಚೆ. ಯಜ್ಞ ಮಾಡುವ ಅರ್ಹತೆ ಯಾರಿಗೆ? ಅದರ ಫಲವನ್ನು ಬಯಸುವವನಿಗೆ, ಮಾಡುವ ಶಕ್ತಿಯುಳ್ಳವನಿಗೆ, ಮಾಡುವ ವಿಧಾನ ಬಲ್ಲವನಿಗೆ. ಫಲ ಯಜಮಾನನಿಗೆ ಸೇರುತ್ತದೆ. ಹಾಗಿದ್ದರೆ ಹೋಮಕುಂಡದ ಮುಂದೆ ಕುಳಿತು ದುಡಿಯುವ ಋತ್ವಿಜರ ಗತಿ ಏನು? ಅವರಿಗೆ ಫಲವಿಲ್ಲ, ಆದ್ದರಿಂದಲೇ ಅವರಿಗೆ ದಕ್ಷಿಣೆ ಕೊಡಲೇಬೇಕು, ಕೊಡದಿದ್ದರೆ ಕರ್ಮವೇ ಪೂರ್ಣವಾಗದು. ಅಂದರೆ ಯಜ್ಞಶಾಲೆಯೊಳಗೆ ದುಡಿಯುವ ಪ್ರತಿಯೊಬ್ಬನೂ ಒಂದೋ ಫಲಕ್ಕೆ ಒಡೆಯ, ಇಲ್ಲವೇ ದಕ್ಷಿಣೆಗೆ ಬಾಧ್ಯ. ಎರಡೂ ಇಲ್ಲದೆ ದುಡಿಯುವ ಮೂರನೆಯ ವರ್ಗಕ್ಕೆ ಶಾಸ್ತ್ರದಲ್ಲಿ ಜಾಗವಿಲ್ಲ. ನಮ್ಮ ಸ್ವಯಂಸೇವಕ ಹುಡುಗ ಹುಡುಗಿಯರನ್ನು ನಾವು ಇರಿಸಿರುವುದು ಸರಿಯಾಗಿ ಆ ಇಲ್ಲದ ಜಾಗದಲ್ಲಿ. ಪ್ರಮಾಣಪತ್ರವನ್ನೂ ಟೀ ಶರ್ಟನ್ನೂ ದಕ್ಷಿಣೆ ಎಂದು ಯಾರಾದರೂ ವಾದಿಸಿದರೆ ಅದಕ್ಕೆ ಉತ್ತರ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಇದೇ ಶಾಸ್ತ್ರ ಶೂದ್ರರಿಗೂ ಅಧಿಕಾರವಿದೆ ಎಂದ ಬಾದರಿಯ ಪಕ್ಷವನ್ನು ತಳ್ಳಿಹಾಕಿತು ಎಂಬುದನ್ನೂ ಮರೆಯುವಂತಿಲ್ಲ. ಫಲ ಬಯಸುವವನಿಗೆ ಅಧಿಕಾರ ಎಂಬ ತನ್ನದೇ ತತ್ವವನ್ನು ಕೊನೆಯವರೆಗೆ ಒಯ್ಯಲು ಅದಕ್ಕೆ ಧೈರ್ಯ ಸಾಲಲಿಲ್ಲ. ತತ್ವ ಸರಿ ಇದೆ, ನಿಲ್ಲಿಸಿದ ಜಾಗ ತಪ್ಪು. ಬಾದರಿ ಹೇಳಿದ ಕಡೆಗೇ ನಾವು ಅದನ್ನು ಒಯ್ಯಬೇಕು.

ಇಲ್ಲಿ ಬಲವಾದ ಆಕ್ಷೇಪವೊಂದು ಎದುರಾಗುತ್ತದೆ. ಫಲದ ಆಸೆ ಬಿಟ್ಟು ಕರ್ಮ ಮಾಡು ಎಂದು ಗೀತೆ ಹೇಳುವಾಗ ಯುವಕರಿಗೆ ಫಲದ ಪಾಲು ಕೊಡಿ ಎನ್ನುವುದು ಅವರನ್ನು ಲೆಕ್ಕಾಚಾರಕ್ಕೆ ಇಳಿಸಿದಂತಲ್ಲವೇ? ಸೇವೆಯ ಸೊಗಸೇ ಪ್ರತಿಫಲ ಕೇಳದಿರುವುದರಲ್ಲಿ ಅಲ್ಲವೇ? ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು, ಏಕೆಂದರೆ ಗೋವಾದಲ್ಲೂ ಕರ್ನಾಟಕದಲ್ಲೂ ಈ ಭಾವದಿಂದಲೇ ದುಡಿಯುವ ಸಾವಿರಾರು ಎಳೆಯರಿದ್ದಾರೆ. ಆದರೆ ನಿಷ್ಕಾಮ ಎಂಬುದು ಒಬ್ಬ ತನ್ನ ಮೇಲೆ ತಾನು ಹಾಕಿಕೊಳ್ಳುವ ಶಿಸ್ತು. ಅದನ್ನು ಇನ್ನೊಬ್ಬನ ಮೇಲೆ ಹೇರಲು ಬರುವುದಿಲ್ಲ. ಫಲವನ್ನು ತನ್ನಲ್ಲೇ ಇಟ್ಟುಕೊಂಡವನು ಎದುರಿನವನಿಗೆ ನಿಷ್ಕಾಮವನ್ನು ಬೋಧಿಸಿದರೆ, ಅಲ್ಲಿ ಧರ್ಮದ ಮಾತು ಅಧರ್ಮದ ಕಾವಲಿಗೆ ನಿಂತಿರುತ್ತದೆ. ತ್ಯಾಗ ಮಾಡಬೇಕಾದರೂ ಮೊದಲು ಕೈಯಲ್ಲಿ ಏನಾದರೂ ಇರಬೇಕು. ಕಲ್ಯಾಣದ ಶರಣರು ಇದನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರು. ಕಾಯಕವನ್ನು ಪೂಜೆಗೆ ಸಮನಾಗಿ ಕಂಡದ್ದು ಅವರ ಅರ್ಧ ಕೆಲಸ. ಆ ಕಾಯಕಜೀವಿಗಳನ್ನೇ, ಅಂಬಿಗನನ್ನೂ ಮಾದಾರನನ್ನೂ ಮಡಿವಾಳನನ್ನೂ, ಅನುಭವ ಮಂಟಪದ ಮಾತುಕತೆಯೊಳಗೆ ಕೂರಿಸಿದ್ದು ಉಳಿದರ್ಧ. ದಾಸೋಹ ಎನ್ನುವುದು ಗಳಿಕೆಯ ಮೇಲೆ ಹಕ್ಕಿದ್ದವನು ಮಾಡುವ ಅರ್ಪಣೆ. ಅದನ್ನು ಮರೆತು ಕಾಯಕವೊಂದನ್ನೇ ಯುವಕರಿಗೆ ಉಪದೇಶಿಸುವವರು ಶರಣರ ಅರ್ಧವನ್ನು ಮಾತ್ರ ಹೇಳುತ್ತಿದ್ದಾರೆ.

ಇನ್ನೊಂದು ತಕರಾರು ತತ್ವಶಾಸ್ತ್ರದ್ದು. ಸುಸ್ಥಿರ ಅಭಿವೃದ್ಧಿ ಎಂದು 1987ರ ಬ್ರುಂಟ್‌ಲ್ಯಾಂಡ್ ವರದಿಯಿಂದ ಈಚೆಗೆ ನಾವು ಕರೆಯುವುದರ ತಿರುಳು ಮುಂದಿನ ಪೀಳಿಗೆಯ ಪಾಲು. ಆದರೆ ಇನ್ನೂ ಹುಟ್ಟದವರಿಗೆ ಹಕ್ಕು ಇರಲು ಸಾಧ್ಯವೇ? ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ ಇದನ್ನು ಇನ್ನೂ ಬಿಗಿಮಾಡಿದ: ನಾವು ಇಂದು ಕೈಗೊಳ್ಳುವ ನಿರ್ಧಾರಗಳೇ ಮುಂದೆ ಯಾರು ಹುಟ್ಟುತ್ತಾರೆ ಎಂಬುದನ್ನು ಬದಲಿಸುತ್ತವೆ, ಹೀಗಾಗಿ ಹಾಳಾದ ನೆಲದಲ್ಲಿ ಹುಟ್ಟಿದವನು 'ನನಗೆ ಅನ್ಯಾಯವಾಯಿತು' ಎನ್ನಲಾರ, ಬೇರೆ ನಿರ್ಧಾರವಾಗಿದ್ದರೆ ಅವನು ಹುಟ್ಟುತ್ತಲೇ ಇರಲಿಲ್ಲ. ಹಕ್ಕಿನ ಭಾಷೆಯಲ್ಲಿ ಯೋಚಿಸಿದರೆ ಇದು ಕಠಿಣ ಗಂಟು. ಋಣದ ಭಾಷೆಯಲ್ಲಿ ಯೋಚಿಸಿದರೆ ಅಷ್ಟು ಕಠಿಣವಲ್ಲ. ಪಿತೃಋಣವನ್ನು ಪಿತೃಗಳಿಗೆ ಹಿಂತಿರುಗಿಸುವುದಿಲ್ಲ, ಸಂತತಿಯ ಕಡೆಗೆ ಸಲ್ಲಿಸಲಾಗುತ್ತದೆ. ಕೊಟ್ಟವನ ಗುರುತು ಗೊತ್ತು, ಪಡೆಯುವವನ ಗುರುತು ಗೊತ್ತಿರಬೇಕಾಗಿಲ್ಲ; ಬಾಂದಿನ ಹಿಂದೆ ನಾಳೆ ಯಾರ ಮನೆ ಇದ್ದರೂ ಬಾಂದ್ ನಿಲ್ಲಬೇಕು. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪತ್ರದಲ್ಲಿ, ಈ ಪರಿಸರ ಪ್ರತಿ ಪೀಳಿಗೆಗೂ ಸಾಲವಾಗಿ ಬಂದದ್ದು, ಮುಂದಿನವರಿಗೆ ದಾಟಿಸತಕ್ಕದ್ದು ಎಂಬ ವಿಚಾರವನ್ನು ಪೋರ್ಚುಗಲ್‌ನ ಬಿಷಪ್‌ಗಳಿಂದ ಎತ್ತಿಕೊಂಡಿದ್ದಾರೆ. ನಾಲ್ಕೂವರೆ ಶತಮಾನ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದ ಕ್ರೈಸ್ತನೂ ಅವನ ನೆರೆಯ ಹಿಂದೂವೂ ಇಲ್ಲಿ ಒಂದೇ ಲೆಕ್ಕದ ಪುಸ್ತಕದ ಎರಡು ಪುಟ ಓದುತ್ತಿದ್ದಾರೆ. ಆಗಸ್ಟ್ ತಿಂಗಳಲ್ಲಿ ಚರ್ಚುಗಳಲ್ಲಿ ಹೊಸ ತೆನೆಗೆ ಆಶೀರ್ವಾದ ಬೇಡುವ ಕೊಣ್ಸಾಚೆಂ ಫೆಸ್ತ್, ಚೌತಿಯಲ್ಲಿ ಗಣಪತಿಯ ಮೇಲೆ ಕಾಡಿನ ಕಾಯಿ ಗೆಡ್ಡೆಗಳನ್ನು ಕಟ್ಟುವ ಮಾಟೋಳಿ, ಎರಡೂ ಈ ಋಣದ ಸ್ವೀಕಾರವೇ. ಗದ್ದೆ ಪಾಳು ಬಿದ್ದು, ಕಾಡು ಕಡಿದು ಹೋದ ಮೇಲೆ ತೆನೆಯನ್ನೂ ಕಾಯಿಯನ್ನೂ ಪೇಟೆಯಿಂದ ತಂದು ಹಬ್ಬ ಮಾಡಬಹುದು, ಋಣ ಮಾತ್ರ ಹಾಗೇ ಉಳಿದಿರುತ್ತದೆ.

ಕಾನೂನು ಕೂಡ ಇಲ್ಲಿ ತತ್ವಜ್ಞಾನಿಗಿಂತ ಮುಂದೆ ಹೋಗಿದೆ. ಹಿಂದೂ ದೇವರು ಆಸ್ತಿ ಹೊಂದಬಲ್ಲ ವ್ಯಕ್ತಿ, ಆದರೆ ಎಂದೂ ವಯಸ್ಸಿಗೆ ಬಾರದ ಬಾಲಕನಂತೆ, ಅವನ ಪರವಾಗಿ ಮಾತಾಡಲು ಒಬ್ಬರು ಬೇಕು ಎಂಬುದು ನಮ್ಮ ನ್ಯಾಯಾಲಯಗಳು ಬಹುಕಾಲದಿಂದ ಒಪ್ಪಿರುವ ಮಾತು. 1925ರ ಪ್ರಮಥನಾಥ ಮಲ್ಲಿಕ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಮನೆತನದವರ ಜಗಳದ ನಡುವೆ ವಿಗ್ರಹದ ಇಚ್ಛೆಯನ್ನು ಹೇಳಲು ಪಕ್ಷಪಾತವಿಲ್ಲದ ಪ್ರತಿನಿಧಿಯೊಬ್ಬರನ್ನು ನೇಮಿಸಬೇಕೆಂದಿತು. ಮಾತಾಡದ ದೇವರಿಗೆ ಇದು ಸಾಧ್ಯವಾದರೆ ಹುಟ್ಟದ ಮಗುವಿಗೆ ಏಕಾಗದು? ಗೋವಾದಲ್ಲಿ ಅದು ಅರ್ಧ ಸಾಧ್ಯವಾಗಿಯೂ ಇದೆ. 'ಗೋವಾ ಫೌಂಡೇಶನ್' ಹೂಡಿದ್ದ ಮೊಕದ್ದಮೆಯಲ್ಲಿ 2014ರ ಏಪ್ರಿಲ್ 21ರಂದು ಸುಪ್ರೀಂ ಕೋರ್ಟ್ ಗೋವಾದ ಕಬ್ಬಿಣದ ಅದಿರಿಗೆ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿ ಹಾಕಿತು, ಮಾರಾಟದ ಹಣದಲ್ಲಿ ಶೇ 10ರಷ್ಟನ್ನು ಶಾಶ್ವತ ನಿಧಿಯೊಂದರಲ್ಲಿ ಇಡಬೇಕೆಂದಿತು. ಕೊಟ್ಟ ಕಾರಣ ಪೀಳಿಗೆಗಳ ನಡುವಿನ ನ್ಯಾಯ. ನನ್ನ ದೃಷ್ಟಿಯಲ್ಲಿ ಅದು ಈ ದೇಶದ ದೊಡ್ಡ ಧಾರ್ಮಿಕ ತೀರ್ಮಾನಗಳಲ್ಲೊಂದು. ಅದಿರು ಒಮ್ಮೆ ಅಗೆದರೆ ಮುಗಿಯಿತು, ಅದು ಬಂಡವಾಳ, ಬೆಳೆಯಲ್ಲ. ಬಂಡವಾಳವನ್ನು ತಿನ್ನುವವನು ಮೊಮ್ಮಗನ ತಟ್ಟೆಯಿಂದ ತಿನ್ನುತ್ತಾನೆ. ಕೊರತೆ ಇರುವುದು ಒಂದೇ ಕಡೆ. ನಿಧಿಯ ಒಡೆಯ ಮುಂದಿನ ಪೀಳಿಗೆ ಎಂದ ಮೇಲೆ ಅದರ ಪರವಾಗಿ ಯಾರು ಮಾತಾಡಬೇಕು? ಬರಲಿರುವ ಪೀಳಿಗೆಗಳ ಸಾಲಿನಲ್ಲಿ ನಮಗೆ ಹೆಸರು ಹಿಡಿದು ಕರೆಯಲು ಬರುವ ಮೊದಲ ಮಂದಿ ಇಂದಿನ ಹದಿನೆಂಟು, ಇಪ್ಪತ್ತರ ಹರೆಯದವರು. ಗಣಿಯ ಕೆಂಪು ಕೆಸರು ಬಿಚೋಲಿ, ಸಾಂಗೆಯ ಹಳ್ಳಗಳಲ್ಲಿ ಇನ್ನು ನಲವತ್ತು ವರ್ಷ ಉಳಿದರೆ ಅದರ ಜತೆ ಬದುಕುವವರು ಅವರೇ. ಜೈಮಿನಿಯ ಅಳತೆಯಲ್ಲಿ ಅವರಿಗಿಂತ ದೊಡ್ಡ ಫಲಭಾಗಿ ಯಾರೂ ಇಲ್ಲ.

ಫಲ ಬಯಸಿದರೆ ಸಾಲದು, ವಿಧಾನ ಗೊತ್ತಿರಬೇಕಲ್ಲ, ಹುಡುಗರಿಗೆ ಏನು ಗೊತ್ತು ಎಂಬ ಪ್ರಶ್ನೆ ಸಹಜ. ಮೊಲೆಮ್ ಅದಕ್ಕೆ ಉತ್ತರ ಕೊಟ್ಟಿತು. ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲೆಮ್ ರಾಷ್ಟ್ರೀಯ ಉದ್ಯಾನದ ಮೂಲಕ ಮೂರು ಯೋಜನೆಗಳು ಹಾಯಬೇಕಿತ್ತು: ಕರ್ನಾಟಕದ ಕ್ಯಾಸಲ್‌ರಾಕ್‌ನಿಂದ ಕುಳೆಮ್‌ಗೆ ಇಳಿಯುವ ರೈಲು ಮಾರ್ಗದ ಜೋಡಿ ಹಳಿ, ಹೆದ್ದಾರಿಯ ವಿಸ್ತರಣೆ, ತಮ್ನಾರ್ ವಿದ್ಯುತ್ ಮಾರ್ಗ. ಇವುಗಳಲ್ಲಿ ಕೆಲವಕ್ಕೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಪ್ಪಿಗೆ ಸೂಚಿಸಿದ್ದು ದೇಶ ಬಾಗಿಲು ಹಾಕಿಕೊಂಡಿದ್ದ 2020ರ ಏಪ್ರಿಲ್‌ನಲ್ಲಿ, ವಿಡಿಯೊ ಸಭೆಯಲ್ಲಿ. ಅದನ್ನು ಪ್ರಶ್ನಿಸಿ ಎದ್ದ 'ಆಮ್ಚೆಂ ಮೊಲೆಮ್' ಚಳವಳಿಯ ಮುಂಚೂಣಿಯಲ್ಲಿದ್ದವರು ಎಳೆಯ ವಿಜ್ಞಾನಿಗಳು, ವಕೀಲರು, ಚಿತ್ರಕಾರರು. ಅವರು ಪರಿಸರ ವರದಿಗಳನ್ನು ಸಾಲು ಸಾಲಾಗಿ ಓದಿದರು, ಏನು ಬಿಟ್ಟುಹೋಗಿದೆ ಎಂದು ತೋರಿಸಿದರು, ಒಣ ದಾಖಲೆಯಲ್ಲಿದ್ದ ಕಾಡನ್ನು ಚಿತ್ರವಾಗಿ ಊರ ಗೋಡೆಗೂ ಫೋನಿನ ಪರದೆಗೂ ತಂದರು. ಅದೇ ವರ್ಷ ನವೆಂಬರ್ 1ರ ರಾತ್ರಿ ಚಾಂದೊರ್‌ನಲ್ಲಿ ಸಾವಿರಾರು ಜನ ರೈಲು ಹಳಿಯ ಬಳಿ ಸೇರಿದಾಗ ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ನಿಂತಿದ್ದರು. 2021ರಲ್ಲಿ ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ ಜೋಡಿ ಹಳಿಗೆ ಸಮರ್ಥನೆ ಕಾಣಲಿಲ್ಲ, 2022ರ ಮೇ 9ರಂದು ನ್ಯಾಯಾಲಯ ಅದರ ವನ್ಯಜೀವಿ ಅನುಮತಿಯನ್ನು ರದ್ದು ಮಾಡಿತು. ಸರಿಯಾದ ಅಧ್ಯಯನದೊಂದಿಗೆ ಮತ್ತೆ ಬರಲು ರೈಲ್ವೆಗೆ ದಾರಿ ತೆರೆದೇ ಇದೆ, ಆದ್ದರಿಂದ ಇದನ್ನು ಕೊನೆಯ ಗೆಲುವು ಎನ್ನಲಾಗದು. ಕನ್ನಡಿಗರು ಇದನ್ನು ಪಕ್ಕದ ಮನೆಯ ಸುದ್ದಿ ಎಂದು ಓದಲೂ ಬಾರದು. ಮುರಗಾಂವ್ ಬಂದರಿನಲ್ಲಿ ಇಳಿದು ಆ ಹಳಿಯ ಮೇಲೆ ಘಟ್ಟ ಹತ್ತುವ ಕಲ್ಲಿದ್ದಲು ಬರುವುದು ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗೆ. ಫಲ ನಮ್ಮಲ್ಲಿ, ಧೂಳು ಅವರ ಅಂಗಳದಲ್ಲಿ.

ಮೊಲೆಮ್‌ನಲ್ಲಿ ಓದಿದ ಹುಡುಗರು ಇದ್ದರು, ಹಳ್ಳಿಯ ಸಾಧಾರಣ ಯುವಕ ಸಂಘಕ್ಕೆ ಅದು ಆಗುವ ಮಾತೇ ಎಂದರೆ ಸತ್ತರಿ ತಾಲ್ಲೂಕಿನ ಕಡೆ ನೋಡಬೇಕು. ಕೇರಿ ಎಂಬ ಹಳ್ಳಿಯ ಯುವಕರು ರಾಜೇಂದ್ರ ಕೇರ್ಕರ್ ಅವರ ಜತೆ ಕಟ್ಟಿಕೊಂಡ ವಿವೇಕಾನಂದ ಪರಿಸರ ಜಾಗೃತಿ ಪಡೆ ದೇವರಾಯಿಗಳನ್ನು, ಅಂದರೆ ನಮ್ಮ ದೇವರಕಾಡುಗಳನ್ನು, ಹುಡುಕಿ ದಾಖಲಿಸಿತು, ಮಹದಾಯಿ ಕಣಿವೆಯ ಕಾಡಿಗಾಗಿ ದನಿ ಎತ್ತಿತು. 1999ರಲ್ಲಿ ಮಹದಾಯಿ ಅಭಯಾರಣ್ಯ ಘೋಷಣೆಯಾಯಿತು. ನಾನೋಡೆ ಬಾಂಬರ್‌ನ ನಿರಂಕಾರಾಚಿ ರಾಯ್ ಎಂಬ ದೇವರಕಾಡಿನೊಳಗೆ ಕಾಡುಜಾಯಿಕಾಯಿ ಮರಗಳ ಜೌಗು ಉಳಿದಿದೆ, ಉಸಿರಾಡಲು ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತ ಆ ಮರಗಳಂಥವು ಪಶ್ಚಿಮ ಘಟ್ಟದಲ್ಲೇ ಅಪರೂಪ. ಅದು ಉಳಿದದ್ದು ನಿರಾಕಾರ ದೇವರ ಭಯದಿಂದ ಎನ್ನುತ್ತಾರೆ. ಭಯ ನಿಜ, ಆದರೆ ಪೂರ್ತಿ ನಿಜವಲ್ಲ. ದೇವರಕಾಡಿನ ಒಳಗುಟ್ಟು ಅದು ಯಾರೊಬ್ಬರದೂ ಅಲ್ಲ ಎಂಬುದರಲ್ಲಿದೆ. ದೇವರನ್ನು ಒಡೆಯನನ್ನಾಗಿ ಮಾಡಿ ಊರು ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು, ಮುಂದಿನವರ ಪಾಲನ್ನು ದೇವರ ಹೆಸರಿನಲ್ಲಿ ಕಾದಿರಿಸಿತು. ಭಯ ಕರಗಿದ ಈ ಕಾಲದಲ್ಲಿ ಆ ಕಾವಲನ್ನು ತಿಳಿವಳಿಕೆಯಿಂದ ಮುಂದುವರಿಸಲು ಒಂದು ಸಂಘ ಬೇಕಿತ್ತು. ಕೇರಿಯ ಯುವಕರು ಮಾಡಿದ್ದು ಅದನ್ನೇ. ಯಾರೂ ಅವರಿಗೆ ಗುರಿ ಕೊಟ್ಟು ಕಳಿಸಿದ್ದಲ್ಲ. ವಾಸ್ಕೊ ಬಳಿಯ ಚಿಖಲಿಯಲ್ಲಿ ಯುವ ರೈತರ ಕೂಟ ಪಾಳು ಬಿದ್ದ ಗದ್ದೆಗಳಲ್ಲಿ ಮತ್ತೆ ಭತ್ತ ಬೆಳೆದದ್ದೂ ಇದೇ ಬಗೆಯದು. ತಾವೇ ನಿರ್ಧರಿಸಿದ ಕೆಲಸಕ್ಕೆ ಯುವಕರು ವರ್ಷಗಟ್ಟಲೆ ನಿಲ್ಲುತ್ತಾರೆ, ಬೇರೆಯವರು ನಿರ್ಧರಿಸಿದ್ದಕ್ಕೆ ಒಂದು ಭಾನುವಾರ ಬರುತ್ತಾರೆ.

ಯುವ ಸಂಘಟನೆಗಳಿಗೆ ಅಧಿಕಾರ ಕೊಟ್ಟರೆ ಪಕ್ಷಗಳು ಅವನ್ನು ನುಂಗುತ್ತವೆ ಎನ್ನುವ ಭಯಕ್ಕೆ ಆಧಾರವಿದೆ. ಆದರೆ ಅಧಿಕಾರವಿಲ್ಲದ ಸಂಘಗಳನ್ನೂ ಪಕ್ಷಗಳು ಈಗಾಗಲೇ ನುಂಗಿವೆ, ಕ್ರಿಕೆಟ್ ಕಿಟ್ಟು, ಗಣೇಶೋತ್ಸವದ ಚಂದಾಗಳ ಮೂಲಕ. ಸಣ್ಣ ಉಪಕಾರಕ್ಕೆ ಕೊಳ್ಳಲು ಸಿಗುವುದು ಹಕ್ಕಿಲ್ಲದ ಸಂಘವೇ. ಇನ್ನು, ಗೋವಾದ ಯುವಕರು ನಿಲ್ಲುವುದೆಲ್ಲಿ, 1961ರ ಮೊದಲು ಹುಟ್ಟಿದ ಅಜ್ಜನ ಹೆಸರು ಹಿಡಿದು ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿ ಯುರೋಪಿಗೆ ಹೋಗುತ್ತಾರೆ, ಹೋಗುವವರಿಗೆ ಊರಿನ ಭವಿಷ್ಯದಲ್ಲಿ ಮಾತೇಕೆ ಎಂಬ ಪ್ರಶ್ನೆ ಇನ್ನಷ್ಟು ನೋವಿನದು. ಹೋಗುವುದು ಅವರ ಹಕ್ಕು, ಅದನ್ನು ದೂರಲಾರೆ. ಆದರೆ ಕಾರಣ ಮತ್ತು ಪರಿಣಾಮಗಳನ್ನು ಅದಲು ಬದಲು ಮಾಡಬಾರದು. ಗದ್ದೆಯ ಬೆಲೆ ಬೆಳೆಯಿಂದಲ್ಲ, ವಿಲ್ಲಾದಿಂದ ನಿರ್ಧಾರವಾಗುವ ಊರಿನಲ್ಲಿ, ಭೂಪರಿವರ್ತನೆಯ ನಿರ್ಧಾರ ಜನರನ್ನು ತಲುಪುವಾಗಲೇ ಅದು ಮುಗಿದ ಸಂಗತಿಯಾಗಿರುವ ಊರಿನಲ್ಲಿ, ಉಳಿಯುವುದಕ್ಕೆ ಹುಡುಗನೊಬ್ಬನಿಗೆ ಪಾಲು ಯಾವುದಿದೆ? ಝೊಣ್ ಪುಸ್ತಕದಲ್ಲಿ ಹೆಸರು ಏರುತ್ತಿದ್ದ ಕಾಲದಲ್ಲೂ ಗೋವಾದವರು ಮುಂಬಯಿಗೆ, ಆಫ್ರಿಕಾಕ್ಕೆ, ಹಡಗಿಗೆ ಹೋಗುತ್ತಿದ್ದರು. ಹೆಸರು ಊರಲ್ಲಿ ಇದ್ದುದರಿಂದ ಊರಿನೊಂದಿಗಿನ ಲೆಕ್ಕ ಮುಗಿಯುತ್ತಿರಲಿಲ್ಲ.

ನನ್ನ ವಾದಕ್ಕೆ ಎದುರಾಗಿ ನಾನು ಕಾಣುವ ಅತಿ ಗಟ್ಟಿ ಮಾತು ಬೇರೆಯದು. ಗಾಂವ್ಕಾರಿಯನ್ನು ಹೊಗಳುವುದು ಸುಲಭ, ಆದರೆ ಝೊಣ್ ಸಲ್ಲುತ್ತಿದ್ದದ್ದು ಗಂಡುಮಕ್ಕಳಿಗೆ, ಅದೂ ಮೂಲ ಮನೆತನಗಳ ಗಂಡುಮಕ್ಕಳಿಗೆ. ಹೆಣ್ಣಿಗೆ ಇಲ್ಲ, ಹೊಲದಲ್ಲಿ ದುಡಿದ ಕುಣಬಿಗೆ, ಗಾವಡಾನಿಗೆ ಬಹುತೇಕ ಇಲ್ಲ, ಹೊರಗಿನಿಂದ ಬಂದವನಿಗೆ ಇಲ್ಲವೇ ಇಲ್ಲ. ಬಾದರಿಯ ಪಕ್ಷವನ್ನು ತಳ್ಳಿದ ಮೀಮಾಂಸೆಯ ತಪ್ಪನ್ನೇ ಇದೂ ಮಾಡಿತು. ಈ ಮಾತು ಕನ್ನಡಿಗರಿಗೆ ನೇರವಾಗಿ ತಾಗುತ್ತದೆ. 2011ರ ಜನಗಣತಿಯಲ್ಲಿ ಗೋವಾದ ಜನರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಮಂದಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದ್ದಾರೆ. ಕದಂಬರ ಕಾಲದ ಕನ್ನಡ ಶಾಸನಗಳನ್ನೂ ತಾಂಬ್ಡಿ ಸುರ್ಲದ ಮಹಾದೇವ ಗುಡಿಯನ್ನೂ ನೆನೆದು ನಾವು ಹೆಮ್ಮೆಪಡುತ್ತೇವೆ. ಜುವಾರಿನಗರದ ಗುಡಿಸಲುಗಳಲ್ಲಿ, ವಾಸ್ಕೊದ ಕಟ್ಟಡಗಳ ಸಾರುವೆಯ ಮೇಲೆ ಇರುವ ವಿಜಯಪುರ, ಬಾಗಲಕೋಟೆ, ಗದಗ ಕಡೆಯವರ ಮಕ್ಕಳನ್ನು ಯಾರೂ ನೆನೆಯುವುದಿಲ್ಲ. ಅಲ್ಲೇ ಹುಟ್ಟಿ, ಕೊಂಕಣಿ ಮಾತಾಡುತ್ತಾ ಬೆಳೆದ ಅಂಥ ಒಬ್ಬ ಹುಡುಗಿ ಚಿಖಲಿಯ ಕೊಲ್ಲಿ ಕೆಟ್ಟರೆ ಆ ಕೆಟ್ಟ ನೀರಿನ ಪಕ್ಕದಲ್ಲೇ ಬಾಳುವವಳು. ವಂಶದ ಲೆಕ್ಕದಲ್ಲಿ ಅವಳಿಗೆ ಪಾಲಿಲ್ಲ. ಫಲದ ಲೆಕ್ಕದಲ್ಲಿ ಅವಳು ಗಾಂವ್ಕಾರನ ಮಗನಿಗೆ ಸಮ. ನಾನು ಹೇಳುತ್ತಿರುವ ಹಕ್ಕಿನ ಬುಡ ಹುಟ್ಟಿನಲ್ಲಿಲ್ಲ, ನಾಳೆಯನ್ನು ಅದೇ ನೆಲದಲ್ಲಿ ಬಾಳಬೇಕಾದ ಅನಿವಾರ್ಯದಲ್ಲಿದೆ. ಇದನ್ನು ಒಪ್ಪಿದರೆ ಗೋವಾದ ಯುವ ಸಂಘಟನೆಗಳು ತಮ್ಮ ಬಾಗಿಲನ್ನೂ ತೆರೆಯಬೇಕಾಗುತ್ತದೆ. ಹೊರಗಿನವರು ಊರು ಕೆಡಿಸಿದರು ಎಂಬ ಕೋಪ ಅಲ್ಲಿನ ಅನೇಕ ಚಳವಳಿಗಳ ಒಳಗೆ ಹರಿಯುತ್ತದೆ. ಗುಡ್ಡ ಕೊಂಡ ಬಂಡವಾಳಗಾರನನ್ನೂ ಆ ಗುಡ್ಡದಲ್ಲಿ ಕಲ್ಲು ಹೊರುವ ಕೂಲಿಯವನನ್ನೂ ಒಂದೇ ಹೆಸರಿನಿಂದ ಕರೆಯುವುದು ಅನ್ಯಾಯ.

ಮಹದಾಯಿಯ ಜಗಳವೂ ಇಲ್ಲೇ ಬಂದು ನಿಲ್ಲುತ್ತದೆ. ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಆ ಹೊಳೆಯ ನೀರಿನಲ್ಲಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು. ನರಗುಂದ, ನವಲಗುಂದದ ಯುವಕರು ಬೀದಿಗಿಳಿದದ್ದು ನೀರಿಗಾಗಿ, ಸತ್ತರಿಯ ಯುವಕರು ಎದ್ದು ನಿಂತದ್ದು ಅದೇ ನೀರಿಗಾಗಿ. ಯುವಜನ ಬಂದರೆ ವಿವೇಕ ಬರುತ್ತದೆ ಎಂದು ನಂಬುವವರಿಗೆ ಇದು ಎಚ್ಚರಿಕೆ. ಆದರೆ ಎರಡೂ ಕಡೆಯವರನ್ನು ಇದುವರೆಗೆ ಕರೆದದ್ದು ಘೋಷಣೆ ಕೂಗಲು; ಹೊಳೆಯ ಅಳತೆ ನೋಡಲು, ಮಲಪ್ರಭೆಯ ಕಾಲುವೆ ಸೋರುವುದನ್ನು ನೋಡಲು, ಬೇಸಿಗೆಯಲ್ಲಿ ಮಾಂಡವಿಗೆ ಉಪ್ಪು ಏರುವುದನ್ನು ನೋಡಲು ಅವರನ್ನು ಒಟ್ಟಿಗೆ ಕೂರಿಸಿದವರು ಯಾರು? ದೊಡ್ಡದನ್ನು ಬಿಟ್ಟು ಕೈಗೆಟುಕುವ ಕಡೆಯಿಂದಾದರೂ ಶುರು ಮಾಡಬಹುದು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯತಿಯಲ್ಲೂ ಒಂದು ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. 2004ರ ನಿಯಮಗಳು ಅದರಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಭಾಗ, ಪರಿಶಿಷ್ಟರಿಗೆ ಶೇ 18 ಸ್ಥಾನ ಗೊತ್ತುಮಾಡಿದವು, ಯುವಕರಿಗೆ ಒಂದನ್ನೂ ಇಡಲಿಲ್ಲ. ಊರಿನ ಯುವ ಸಂಘಗಳು ತಾವೇ ಆರಿಸಿದ ಇಬ್ಬರು, ಅವರಲ್ಲಿ ಒಬ್ಬಳು ಹುಡುಗಿ, ಆ ಸಮಿತಿಯಲ್ಲಿ ಮತದ ಹಕ್ಕಿನೊಂದಿಗೆ ಕೂರಲಿ. ತೂಬಿನ ಹರಾಜಿನ ಹಣದಲ್ಲಿ ಒಂದು ಪಾಲು ಬಾಂದ್ ಕಾಯುವ ಯುವ ಸಂಘಕ್ಕೆ, ಕೆಲಸದ ಲೆಕ್ಕ ಗ್ರಾಮಸಭೆಯ ಮುಂದೆ ಇಡುವ ಷರತ್ತಿನ ಮೇಲೆ, ಸಲ್ಲಲಿ. ಅದಿರಿನ ಶಾಶ್ವತ ನಿಧಿಯ ಬಗ್ಗೆ ತೀರ್ಮಾನಿಸುವ ಕಡೆ ಮೂವತ್ತರ ಕೆಳಗಿನವರು ಇರಲಿ. ಈ ಸ್ಥಾನಗಳಿಗೆ ಅರ್ಹತೆ ಕೇಳುವಾಗ ಯಾರ ಮನೆತನ ಎಂದು ಕೇಳದೆ, ಎಷ್ಟು ಮಳೆಗಾಲ ಈ ಊರಿನಲ್ಲಿ ಕಳೆದಿದ್ದೀ, ಮುಂದೆಯೂ ಇಲ್ಲೇ ಇರುತ್ತೀಯಾ ಎಂದು ಕೇಳಲಿ. ಮುಂದಿನ ಜೂನ್ 5ರ ಆಹ್ವಾನ ಪತ್ರಿಕೆ ಅಚ್ಚಾಗುವ ಮೊದಲು ಇವುಗಳಲ್ಲಿ ತನ್ನ ಕೈಯಲ್ಲಿರುವಷ್ಟನ್ನು ಪಂಚಾಯತಿಯೊಂದು ಠರಾವಿನಲ್ಲಿ ಬರೆಯಬಹುದು, ಅದಕ್ಕೆ ದೆಹಲಿಯ ಅಪ್ಪಣೆ ಬೇಕಾಗಿಲ್ಲ.